ಕರಿ ಮರಿಯ ಬಿಳಿ ಗರಿ

ನಾನು ಮದುವೆಯಾಗಿ ಶಹಾಬಾದಕ್ಕೆ ಬಂದಾಗ ನಮ್ಮದಿನ್ನೂ ಹೈದರಾಬಾದ್ ರಾಜ್ಯ. ನನ್ನ ಯಜಮಾನರು ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ಆ ಮನೆಯಲ್ಲಿ ತತ್ತಿ ಎಂಬ ಮಾತನ್ನೂ ಯಾರೂ ಆಡುತ್ತಿರಲಿಲ್ಲ.

ಹಿತ್ತಲಿನ ಗೋಡೆಯಾಚೆ ಒಬ್ಬ ಮುಸಲ್ಮಾನ ವಿಧವೆ ಇದ್ದರು. ಓಣಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು. ಕೋಳಿ ಸಾಕಿ, ರಜಾಯಿ ಹೊಲಿದು ಬದುಕು ನಡೆಸುತ್ತಿದ್ದರು. ಅವರಲ್ಲಿ ಎರಡು ಹುಂಜಗಳಿದ್ದವು. ಒಂದು ನಾಟಿ, ಕರಿಯದು. ಇನ್ನೊಂದು ಬಂಗಲೆಯ ಸಾಹೇಬರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಸೀಮೆ ಹುಂಜ, ಮೈತುಂಬ ಬೂದು ಬಿಳಿ ಪಟ್ಟೆ. ಅವರ ಕೋಳಿಗಳು ಗೋಡೆ ಹಾರಿ ಬಂದು ನಾವು ಒಣಗಲು ಹಾಕಿದ ಜೋಳ ಕೆದಕುವುದು, ಅತ್ತೆ ಗೊಣಗುವುದು ದಿನದ ಮಾತಾಗಿತ್ತು.

ಒಂದು ದಿನ ನಾನು ಒಲೆಗೆ ಸೆಗಣಿಯ ಕುಳ್ಳು ತೆಗೆಯಲು ಹೋದರೆ ಬಣವೆಯ ಸಂದಿಯಲ್ಲಿ ಖಾಲಾನ ಕರಿ ಕೋಳಿ ಕಾವಿಗೆ ಕೂತಿತ್ತು. ಅತ್ತೆಯನ್ನು ಕರೆದೆ. ಅವರು ಬಗ್ಗಿ ನೋಡಿದರು.

"ಎಬ್ಬಿಸಬ್ಯಾಡ. ಒಳಗ ಜೀವ ಅವ," ಎಂದರು.

ಹೀಗೆ ನಮ್ಮ ಹಿತ್ತಲಲ್ಲೇ ಮರಿಗಳು ಒಡೆದವು. ನೋಡಲು ಬಂದ ಖಾಲಾ ಕುಳ್ಳಿನ ಪಕ್ಕ ಕೂತು ಒಂದೊಂದನ್ನೇ ಅಂಗೈಯಲ್ಲಿ ಹಿಡಿದರು. ಅತ್ತೆ ಮಾರು ದೂರ ನಿಂತಿದ್ದರು. ಒಂದಕ್ಕೆ ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆ. ಉಳಿದವೆಲ್ಲ ಕರಿ, ಹೊಟ್ಟೆ ಮಾತ್ರ ಬೆಳ್ಳಗೆ.

"ಎಲ್ಲಾ ಒಂದೇ ಬಣ್ಣ ಆಗ್ಯಾವಲ್ಲ," ಎಂದರು ಅತ್ತೆ.

"ಇಲ್ಲಕ್ಕ, ಈಗಿಂದು ಬಣ್ಣ ಅಲ್ಲ, ಬರೇ ತುಪ್ಪಳ. ಗೆರೆ ಇದ್ದದ್ದು ಕಂದು ಆಗ್ತದ. ಈ ಕರಿ ಮರಿ ನೆತ್ತಿ ಮ್ಯಾಲ ಬಿಳಿ ಚುಕ್ಕಿ ಕಂಡ್ತೇನು? ಅದು ಅಪ್ಪನ ಹಂಗ ಪಟ್ಟಿ ಪಟ್ಟಿ ಆಗ್ತದ. ಚುಕ್ಕಿ ಇಲ್ಲದ್ದು ಪೂರಾ ಕರಿ."

"ಹೊಟ್ಟಿ ಬೆಳ್ಳಗದಲ್ಲ?"

"ಹೊಟ್ಟಿ ನಂಬಬ್ಯಾಡ್ರಿ. ನೆತ್ತಿ ನಂಬ್ರಿ."

ಅತ್ತೆ ನಂಬಲಿಲ್ಲ. ಆದರೆ ಮರುದಿನ ಪೂಜೆ ಮುಗಿಸಿ ನೇರ ಹಿತ್ತಲಿಗೆ ಹೋದರು. ದಿನ ಕಳೆದಂತೆ ಚುಕ್ಕಿಯ ಮರಿಗಳ ರೆಕ್ಕೆಯಲ್ಲಿ ಸಣ್ಣ ಬಿಳಿ ಪಟ್ಟೆ ಮೂಡಿತು. ಅತ್ತೆಗೆ ಹಿಡಿಸಲಾರದಷ್ಟು ಖುಷಿ. ಚುಕ್ಕಿಯಿಲ್ಲದ ಒಂದೇ ಒಂದು ಕರಿ ಮರಿಯ ರೆಕ್ಕೆಯಲ್ಲೂ ಬಿಳಿ ಗರಿ ಬಂದಾಗ ಗಾಬರಿಯಾಗಿ ಗೋಡೆಯ ಹತ್ತಿರ ಹೋಗಿ ಕೂಗಿ ಕೇಳಿದರು. "ಅದು ಹಾಲುಹಲ್ಲು ಇದ್ದಂಗ, ಉದುರ್ತದ," ಎಂದು ಖಾಲಾ ನಕ್ಕರು. ಅಷ್ಟು ವರ್ಷ ಗೊಣಗಾಟ ಬಿಟ್ಟು ಬೇರೆ ಮಾತಿಲ್ಲದ ಆ ಇಬ್ಬರು ಹೆಂಗಸರು ಈಗ ಗೋಡೆಗೆ ಮೊಣಕೈ ಊರಿ ಸಂಜೆಯವರೆಗೆ ಮಾತಾಡುತ್ತಿದ್ದರು.

ಮರಿಗಳ ಜುಟ್ಟು ಕೆಂಪೇರುವ ಹೊತ್ತಿಗೆ ಚಿತ್ತಾಪುರದ ಕಡೆಯ ಹಳ್ಳಿಯಿಂದ ಒಬ್ಬ ಮುದುಕಿ ಖಾಲಾನನ್ನು ಹುಡುಕಿಕೊಂಡು ಬಂದಳು. ಖಾಲಾ ಬಜಾರಿಗೆ ಹೋಗಿದ್ದರು. ಕೋಳಿಗಳು ನಮ್ಮ ಹಿತ್ತಲಲ್ಲೇ ಇದ್ದುದರಿಂದ ಅತ್ತೆ ಅವಳನ್ನು ಒಳಗೆ ಕರೆದರು. ಅವಳಿಗೊಂದು ಕರಿ ಹುಂಜ ಬೇಕಿತ್ತು. ಹುಂಜವಾಗಿ ಬೆಳೆಯುತ್ತಿದ್ದ ಚುಕ್ಕಿಯಿಲ್ಲದ ಮರಿಯನ್ನು ನೋಡಿ ಬೇಡವೆಂದು ತಲೆಯಾಡಿಸಿದಳು.

"ರೆಕ್ಕ್ಯಾಗ ಬಿಳಿ ಅದಲ್ರಿ ಇದರದು."

"ಅದು ಉದುರ್ತದವ್ವಾ," ಎಂದರು ಅತ್ತೆ. ಅವರ ದನಿಯಲ್ಲಿದ್ದ ಹೆಮ್ಮೆ ನನಗೆ ಈಗಲೂ ಕೇಳಿಸುತ್ತದೆ. "ಹುಟ್ಟಿದ ದಿನಾನೇ ನೋಡೀನಿ, ನೆತ್ತಿ ಮ್ಯಾಲ ಚುಕ್ಕಿ ಇರಲಿಲ್ಲ. ಉಳಿದ ಕರಿ ಮರಿ ಎಲ್ಲಾ ಪಟ್ಟಿ ಆಗ್ತಾವ. ಇದೊಂದೇ ಕಾಡಿಗಿ ಕಾಡಿಗಿ ಆಗ್ತದ."

ಮುದುಕಿಯ ಮುಖ ಅರಳಿತು. ಸೆರಗಿನ ಗಂಟಿನಿಂದ ಕೆಂಪು ದಾರ ತೆಗೆದು ಮರಿಯ ಕಾಲಿಗೆ ಕಟ್ಟಿದಳು. "ಪುಣ್ಯಾ ಬರ್ಲಿ ನಿಮಗ. ನಮ್ಮ ದೇವಿಗಿ ಒಂದು ಬಿಳಿ ಗರಿ ಇದ್ರೂ ನಡ್ಯಂಗಿಲ್ರಿ. ಮೊಮ್ಮಗಳಿಗಿ ಸಿಡುಬು ಬಂದಾಗ ಬೇಡಿಕೊಂಡೀನಿ. ಬೆಳೆದ ಮ್ಯಾಲ ಬಂದು ಒಯ್ತೀನಿ."

ಅವಳು ಹೋದ ಮೇಲೆ ಅತ್ತೆ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು.

ಆಮೇಲಿನ ದಿನಗಳಲ್ಲಿ ಅತ್ತೆ ಹಿತ್ತಲಿಗೆ ಹೋಗುವುದು ಬಿಡಲಿಲ್ಲ, ಆದರೆ ನೋಡುವ ಬಗೆ ಬೇರೆಯಾಯಿತು. ಆ ಮರಿಯ ರೆಕ್ಕೆಯಲ್ಲಿ ಬಿಳಿ ಉಳಿದಿದೆಯೇ ಎಂದು ಹುಡುಕುತ್ತಿದ್ದರು. ತಮ್ಮ ಮಾತು ಸುಳ್ಳಾಗಲಿ ಎಂದು ಅವರು ಬಯಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಗರಿಗಳು ಒಂದೊಂದಾಗಿ ಉದುರಿದವು. ಆ ಜಾಗದಲ್ಲಿ ಹಸಿರು ಹೊಳಪಿನ ಕಪ್ಪು ಬಂತು.

ಖಾಲಾಗೆ ಸಂಕಟ ಅರ್ಥವಾಯಿತು. "ಅಕ್ಕಾ, ಇದು ಸತ್ತು ಹೋಯ್ತಂತ ಹೇಳ್ತೀನಿ. ಸುಲೇಪೇಟದ ಸಂತ್ಯಾಗ ಇನ್ನೊಂದು ತಂದು ಕೊಡ್ತೀನಿ," ಎಂದರು.

"ಇನ್ನೊಂದಕ್ಕ ಜೀವ ಇಲ್ಲೇನು? ಸುಳ್ಳು ಬ್ಯಾಡ, ಬೀಬಿ," ಎಂದರು ಅತ್ತೆ.

ಮಳೆಗಾಲ ಮುಗಿದ ಮೇಲೆ ಮುದುಕಿ ಬಂದಳು. ಜೊತೆಗೆ ಮೊಮ್ಮಗಳನ್ನೂ ಕರೆತಂದಿದ್ದಳು. ಹುಡುಗಿಯ ಮುಖದ ತುಂಬ ಸಿಡುಬಿನ ಕಲೆ. ಅವಳು ನಮ್ಮ ಅಂಗಳದ ಫರಸಿಯ ಮೇಲೆ ಕೂತು ಪಟ್ಟೆ ಕೋಳಿಗಳಿಗೆ ಜೋಳ ಎಸೆಯುತ್ತ ನಗುತ್ತಿದ್ದಳು. ಅತ್ತೆ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯೆ ಕೊಟ್ಟರು. ಹುಂಜವನ್ನು ಬಿಟ್ಟುಬಿಡಿ ಎಂದು ಕೇಳಲು ಅವರು ಎರಡು ಸಲ ಬಾಯಿ ತೆರೆದದ್ದನ್ನು ನಾನು ನೋಡಿದೆ.

"ಇದು ಉಳೀತದಂತ ಯಾರೂ ಹೇಳಿರಲಿಲ್ರಿ. ಅವರಪ್ಪನೂ ಆಸೆ ಬಿಟ್ಟಿದ್ದ," ಎಂದಳು ಮುದುಕಿ, ಹುಡುಗಿಯ ತಲೆ ನೇವರಿಸುತ್ತ.

ಅತ್ತೆ ಆ ಮಾತು ಕೇಳಲೇ ಇಲ್ಲ. ಎದ್ದು ಹೋಗಿ, ಅಲ್ಲಿಯವರೆಗೆ ಒಮ್ಮೆಯೂ ಕೋಳಿ ಮುಟ್ಟದವರು, ಆ ಹುಂಜವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಅದು ಒದ್ದಾಡಲಿಲ್ಲ. ಮುದುಕಿಯ ಬುಟ್ಟಿಯಲ್ಲಿಟ್ಟು, "ಕೂಸಿನ ಚೊಲೋ ನೋಡ್ಕೋರಿ," ಎಂದರು.

ಅಂದು ಅತ್ತೆ ಮತ್ತೆ ಸ್ನಾನ ಮಾಡಿದರು, ಊಟ ಮಾಡಲಿಲ್ಲ. ಯಜಮಾನರು, "ನಿನ್ನ ಕೋಳಿ ಅಲ್ಲ, ನಿನ್ನ ಹರಕಿ ಅಲ್ಲ. ಇದಿಲ್ಲಂದ್ರ ಅವರು ಇನ್ನೊಂದು ಒಯ್ತಿದ್ರು," ಎಂದರು.

"ಒಯ್ತಿದ್ರು," ಎಂದರು ಅತ್ತೆ. "ಆದ್ರ ಇದನ್ನ ತೋರ್ಸಿದಾಕಿ ನಾನು."

ಮುಂದಿನ ಸಲ ಮರಿ ಒಡೆದಾಗ ಖಾಲಾ ಗೋಡೆಯಾಚೆಯಿಂದ ಕರೆದರು. ಹೋಗುವುದಿಲ್ಲವೇನೋ ಅಂದುಕೊಂಡಿದ್ದೆ. ಅತ್ತೆ ಹೋದರು. ಹಳದಿ ಮರಿ ಕಂಡು ಬಿಳಿಯಾಗುತ್ತದೆ ಎಂದರು, ಗೆರೆಯದನ್ನು ಕಂಡು ಕಂದು ಎಂದರು. ಕರಿ ಮರಿಯ ನೆತ್ತಿಯನ್ನು ಮಾತ್ರ ನೋಡಿ, ಅದರ ಬಣ್ಣ ಹೇಳದೆ ಎದ್ದರು. ಖಾಲಾ ಇನ್ನೆಂದೂ ಅದನ್ನು ಕೇಳಲಿಲ್ಲ. ಗಿರಾಕಿಗಳು ಅಪ್ಪಿತಪ್ಪಿ ನಮ್ಮ ಬಾಗಿಲಿಗೆ ಬಂದರೆ, ಅತ್ತೆ ಆಚೆ ಮನೆಯತ್ತ ಕೈ ತೋರಿಸಿ ಒಳಗೆ ಬಂದುಬಿಡುತ್ತಿದ್ದರು.

ಎರಡು ವರ್ಷದ ಮೇಲೆ ಯಜಮಾನರ ಕೆಲಸ ವಾಡಿಗೆ ಬದಲಾಯಿತು. ಅಲ್ಲಿಯ ಸ್ಟೇಷನ್ನಿನಲ್ಲಿ ಇಳಿದಾಗ ಒಬ್ಬ ವ್ಯಾಪಾರಿ ಬುಟ್ಟಿತುಂಬ ಮರಿ ಇಟ್ಟುಕೊಂಡು ಕೂತಿದ್ದ. ಅತ್ತೆ ಗಂಟುಮೂಟೆ ನನ್ನ ಕೈಗೆ ಕೊಟ್ಟು, ಮೊಣಕಾಲೂರಿ, ಬುಟ್ಟಿಯೊಳಗೆ ಬಗ್ಗಿದರು.

"ಯಾವ್ದು ಬೇಕವ್ವಾ?" ಎಂದ ಅವನು.

"ಯಾವ್ದೂ ಬ್ಯಾಡಪ್ಪ," ಎಂದರು ಅತ್ತೆ. "ಸುಮ್ನ ನೋಡಾಕತ್ತೀನಿ."