ನೈರುತ್ಯದ ಬಾವಿ

ಗಂಗಕ್ಕ, ನಿಮ್ಮ ಮನೆಯ ನೈರುತ್ಯ ಮೂಲೆಯ ಕೆಳಗೆ ಒಂದು ಹಳೆಯ ಬಾವಿ ಇದೆ. ಅದನ್ನು ನಕ್ಷೆಯಲ್ಲಿ ಮರೆಮಾಡಿದವನು ನಾನು.

ಮಾಸೂರಿನ ಆ ಜಾಗ ನಿಮ್ಮದಾಗುವ ಮೊದಲೇ, ಮಾರುವವರು ಕರೆದರೆಂದು ನಾನು ಹೋಗಿ ಟೇಪು ಹಿಡಿದು ಅಳೆದಿದ್ದೆ. ಬಾವಿ ಆಗ ಅರ್ಧ ತುಂಬಿತ್ತು — ಒಡೆದ ಹೆಂಚು, ಗೋವಿನಜೋಳದ ದಂಟು, ಏನೇನೋ ಕಸ. ಹಿರೇಕೆರೂರಿನಲ್ಲಿ ಮನೆ ನಕ್ಷೆ ಮಾಡಿಕೊಡುವ ನನ್ನ ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಬಿಡಿಸಿದೆ, ಬಾವಿಗೊಂದು ವೃತ್ತ ಹಾಕಿದೆ. ಪಕ್ಕದಲ್ಲಿ ಕೂತಿದ್ದ ಆ ಮಾರುವವರು ಪರದೆಯ ಮೇಲೆ ಬೆರಳಿಟ್ಟರು.

"ಇದನ್ನ ತೆಗದ್ಬಿಡ್ರಿ. ನೈರುತ್ಯದಾಗ ಬಾಂವಿ ಐತಿ ಅಂದ್ರ ಯಾರೂ ಜಾಗಾ ಮುಟ್ಟಂಗಿಲ್ಲ. ಮುಚ್ಚಿಸಿಬಿಡ್ತೇನಿ."

ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶದಲ್ಲಿ ಇದು ಸುಲಭ. ಗೋಡೆಗೊಂದು, ಬಾಗಿಲಿಗೊಂದು ಎಂದು ಗೆರೆಗಳನ್ನು ಬೇರೆ ಬೇರೆ ಪದರಗಳಲ್ಲಿ ಇಟ್ಟಿರುತ್ತೇವೆ. ಬೇಡವಾದ ಪದರವನ್ನು ಒಂದೇ ಕ್ಲಿಕ್ಕಿಗೆ ಮರೆಮಾಡಬಹುದು. ಬಾವಿಯ ಪದರವನ್ನು ಮರೆಮಾಡಿದೆ. ಪುಕ್ಕಲುತನವೋ, ನನಗೆ ಕೆಲಸ ಕೊಡಿಸುತ್ತಿದ್ದ ಅವರ ದಾಕ್ಷಿಣ್ಯವೋ — ಈಗ ಯಾವ ಹೆಸರಿಟ್ಟರೇನು.

ಆಮೇಲೆ ಜಾಗ ಕೊಂಡು ನೀವು ಬಂದಿರಿ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿಕೊಂಡು. "ವಾಸ್ತು ಶಾಸ್ತ್ರದ ಪರಕಾರ ಇರ್ಲಿ ಸರ. ಮಲಗೂ ಖೋಲಿ ನೈರುತ್ಯಕ್ಕ, ನೀರಿನ ಟಾಕಿನೂ ಅದರ ಮ್ಯಾಲೇ" ಅಂದಿರಿ. ಭಾರವೆಲ್ಲ ಆ ಮೂಲೆಗೇ! ಗೋಡೆ ಗೋಡೆಯನ್ನೂ ತೊಂಬತ್ತು ಡಿಗ್ರಿಗೆ ಕೂದಲೆಳೆಯಷ್ಟೂ ತಪ್ಪದಂತೆ ಬಿಡಿಸಿದೆ. ಮರೆಮಾಡಿದ ಪದರವನ್ನು ಒಮ್ಮೆ ತೆರೆದು ನೋಡಬಹುದಿತ್ತು... ನೋಡಿದರೆ ನಿಮಗೆ ಹೇಳಬೇಕಾಗುತ್ತಿತ್ತು. ಪಾಯ ತೋಡುವಾಗ ಮಣ್ಣು ಮೆತ್ತಗಿದೆ ಎಂದು ಗೌಂಡಿ ಅಂದಾಗಲೂ, ಹೊಲದ ಮಣ್ಣು ಹಾಗೆಯೇ ಎಂದುಬಿಟ್ಟೆ.

ಈ ಸಲ ಮದಗದ ಕೆರೆ ತುಂಬಿದ ಮೇಲೆ ನೀವು ಫೋಟೊ ಕಳಿಸಿದಿರಿ. ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಇಳಿದ ಸೀಳು. ಅಡಿಯ ನೆಲ ಕುಸಿಯುವಾಗ ಗೋಡೆ ಹೀಗೆಯೇ ಸೀಳುತ್ತದೆ, ನಮ್ಮ ಕಸುಬಿನವರಿಗೆ ಗೊತ್ತು. ಆದರೂ ಬಾಯಿಂದ ಬಂದದ್ದು — "ಮಳಿಗಾಲದಾಗ ಗ್ವಾಡಿ ತಂಪ ಹಿಡದು ಹಂಗ ಆಗತೈತ್ರಿ, ಹೆದರಬ್ಯಾಡ್ರಿ." ನೀವು ನಂಬಿ ಸಿಮೆಂಟು ಮೆತ್ತಿಸಿದಿರಿ.

ನಿನ್ನೆ ಮತ್ತೆ ಫೋನ್ ಮಾಡಿದಿರಿ. ಮೆತ್ತಿದ್ದೂ ಬಿರುಕುಬಿಟ್ಟಿದೆ, ಬಾಗಿಲು ಬಿಗಿಯುತ್ತಿದೆ, ಮಲಗಿದರೆ ನೆಲದೊಳಗೆ ಏನೋ ಸರಿದ ಸಪ್ಪಳ. ಆ ಖೋಲಿಯಲ್ಲಿ ಮಲಗಬೇಡಿ ಎಂದೆ. ನೀವು ನಕ್ಕಿರಿ.

"ಶಾಸ್ತ್ರದಾಗ ಮನಿ ಯಜಮಾನರು ಅಲ್ಲೇ ಮಲಗಬೇಕಂತಾರಲ್ರಿ. ಯಾಕ್ರಿ ಸರ, ಏನಾಗೇತಿ?"

ಫೋನ್ ಇಟ್ಟೆ.

ಇವತ್ತು ಬೆಳಿಗ್ಗೆ ಆ ಪದರವನ್ನು ತೆರೆದೆ. ಟಾಕಿ ಹೊತ್ತ ಕಂಬ ವೃತ್ತದ ಒಳಗೇ ಇದೆ. ನಿಮ್ಮ ಮಂಚವೂ — ನಾನೇ ಬಿಡಿಸಿದ ಮಂಚ, ತಲೆದಿಂಬಿನ ಸಮೇತ.

ಆ ನಕ್ಷೆ ಹಿಡಿದು ಮಾಸೂರಿನ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರು ನಿಂತರೆ ಬಾಯಿ ಮತ್ತೆ ಸುಳ್ಳು ಹೇಳೀತೆಂಬ ಭಯ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ, ಗಂಗಕ್ಕ. ಮೊದಲು ನೀವು ಹೊರಗೆ ಬರಬೇಕು. ಬೆಳಗಿನಿಂದ ಫೋನ್ ಹಚ್ಚುತ್ತಲೇ ಇದ್ದೇನೆ. ರಿಂಗಾಗುತ್ತದೆ, ನೀವು ಎತ್ತುತ್ತಿಲ್ಲ. ಶಾಲೆಯ ಅಡುಗೆಯ ಗಡಿಬಿಡಿಯಲ್ಲಿರಬೇಕು ಅಂದುಕೊಂಡಿದ್ದೆ.

ಆದರೆ ಇವತ್ತು ರವಿವಾರ.