ಎರಡು ನಿಮಿಷದ ಪೆನಾಲ್ಟಿ

ಮಯೂರ್ ವಿಹಾರದ ನಮ್ಮ ಸೊಸೈಟಿಯ ಮೇಲಿನ ಮಹಡಿಯಲ್ಲೊಬ್ಬರು ಸೆಕ್ಷನ್ ಆಫೀಸರ್ ಇದ್ದರು. ಮೇ ತಿಂಗಳಿಡೀ ಟೀವಿಯಲ್ಲಿ ಐಸ್ ಹಾಕಿ ಆಟ ನೋಡುವರು. ನೋಡಿದರೇ ತಂಪು ಎನ್ನುವರು. ಯಾರಾದರೂ ಕಡತವನ್ನು ಓದದೆ ಇನ್ನೊಂದು ಇಲಾಖೆಗೆ ಸಾಗಹಾಕಿದರೆ ಬೆರಳೆತ್ತಿ, "ಇದು ಐಸಿಂಗ್!" ಎನ್ನುವರು. ಆಟದಲ್ಲೂ ರಬ್ಬರ್ ಬಿಲ್ಲೆಯನ್ನು ತನ್ನ ಅರ್ಧದಿಂದ ಎದುರಿನ ಕೊನೆಯವರೆಗೆ ಸುಮ್ಮನೆ ಅಟ್ಟುವುದು ತಪ್ಪಂತೆ.

ಅವರ ಮನೆಗೆ ಬೆಳಿಗ್ಗೆ ನೀರೇರುತ್ತಿರಲಿಲ್ಲ. ಆರು ಗಂಟೆಗೂ ಮೋಟಾರ್ ಹಾಕಬೇಕೆಂದು ಕಮಿಟಿಯಲ್ಲಿ ಕೇಳಿದರು. ನಾವು ನಾಲ್ವರು: ಪರವಾಗಿ ಅವರು, ನಾನು, ವಿರುದ್ಧ ಅಧ್ಯಕ್ಷರು, ಖಜಾಂಚಿ. ಅಧ್ಯಕ್ಷರು ಸಿಟ್ಟಿನಿಂದ ಮೇಜು ಗುದ್ದಿದರು. ಆಗ ನಮ್ಮ ಸೆಕ್ಷನ್ ಆಫೀಸರ್ ಸೀಟಿ ಊದಿದರೆಂದು ನನ್ನ ನೆನಪು. ಸೀಟಿ ಎಲ್ಲಿಂದ ಬಂದೀತು? ನಾನೇ ಆಮೇಲೆ ಸೇರಿಸಿರಬೇಕು.

"ಸರ್, ದೋ ಮಿನಟ್ ಪೆನಾಲ್ಟಿ. ಬಾಹರ್ ಬೈಠಿಯೇ, ರೂಲ್ ಹೈ." ಆ ಆಟದಲ್ಲಿ ಒರಟಾಗಿ ಆಡಿದವರು ಎರಡು ನಿಮಿಷ ಹೊರಗೆ ಕೂರಬೇಕಂತೆ.

"ಅಚ್ಛಾ, ರೂಲ್ ಹೈ?"

ಜೀವಮಾನವಿಡೀ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದ ಅಧ್ಯಕ್ಷರು ಯಾವ ರೂಲ್ ಎಂದೂ ಕೇಳದೆ ಹೊರಗೆ ಹೋಗಿ ಮೆಟ್ಟಿಲ ಬಳಿಯ ಸ್ಟೂಲಿನಲ್ಲಿ ಕೂತರು.

"ಬೇಗ ಕೈಯೆತ್ತಿ ಮಾರಾಯ್ರೇ," ಇವರು ನನಗೆ ಪಿಸುಗುಟ್ಟಿದರು. "ಆ ಕಡೆ ಒಬ್ರು ಕಮ್ಮಿ. ಇದಕ್ಕೇ ಪವರ್ ಪ್ಲೇ ಅನ್ನೋದು!"

ಒಂದರ ವಿರುದ್ಧ ಎರಡು ಮತಗಳಿಂದ ಮೋಟಾರ್ ಗೆದ್ದಿತು. ಗೋಲು ಬಿದ್ದರೆ ಶಿಕ್ಷೆ ಅಲ್ಲಿಗೇ ಮುಗಿಯುವುದು ಆ ಆಟದ ನಿಯಮ. ಇವರು ಓಡಿಹೋಗಿ ಬಾಗಿಲು ತೆರೆದರು.

"ಆಯಿಯೇ ಸರ್, ಗೋಲ್ ಹೋ ಗಯಾ. ಪೆನಾಲ್ಟಿ ಖತಮ್."

ಅಧ್ಯಕ್ಷರು ಕೈಗಡಿಯಾರ ನೋಡಿದರು. ಎರಡರಲ್ಲಿ ಒಂದೇ ನಿಮಿಷ ಕಳೆದಿತ್ತು.

"ಅಭೀ ಏಕ್ ಮಿನಟ್ ಬಾಕಿ ಹೈ," ಎಂದರು. ಏಳಲಿಲ್ಲ.