ಹನ್ನೊಂದು ಕಿಟಕಿಯ ನಕ್ಷತ್ರಗಳು

ಗುಡ್ನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ನಾರ್ವೆಯ ಉತ್ತರ ತುದಿಯ ಆ ಊರಿನ ಹನ್ನೊಂದು ಮನೆಗೂ ಗೊತ್ತು. ಈ ಸಲದ ಸಿಟ್ಟೇ ಬೇರೆ. ಗುಡ್ಡದ ಮೇಲಿನ ವೀಕ್ಷಣಾಲಯವನ್ನು ಇಪ್ಪತ್ತೆರಡು ಚಳಿಗಾಲ ಕಾದವಳು ಅವಳು. ಅಲ್ಲಿನ ರಾತ್ರಿಯ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಧ್ರುವಪ್ರಭೆ, ಕೆಲವೊಮ್ಮೆ ಸೆಕೆಂಡಿಗೆ ಹತ್ತು ಸಲ ಮಿನುಗುತ್ತದೆ; ಅದನ್ನು ಎಣಿಸುವ ಯಂತ್ರಕ್ಕೆ ಬೆಂಕಿಕಡ್ಡಿಯ ಬೆಳಕೂ ಜಾಸ್ತಿ. ಹೊರಗೆ ಆ ಯಂತ್ರದ ಗಾಜಿನ ಮೇಲಿನ ಹಿಮ ಗುಡಿಸುವುದು, ಮುಚ್ಚಳ ತೆಗೆಯುವುದು ಅವಳ ಕೆಲಸ.

ಡಿಸೆಂಬರಿನಲ್ಲಿ ನಗರದಿಂದ ವೀಕ್ಷಣಾಲಯದ ಮುಖ್ಯಸ್ಥ ಸ್ವೆರ್ರೆಯ ಫೋನ್ ಬಂತು.

"ದಾಖಲೆ ತುಂಬ ಸೆಕೆಂಡಿಗೆ ನೂರು ಸಲದ ನಡುಕ. ಅದು ಆಕಾಶದ್ದಲ್ಲ ಗುಡ್ನಿ, ಕರೆಂಟ್ ದೀಪದ್ದು. ನಿಮ್ಮೂರಿನೋರು ಕಿಟಕೀಲಿ ನಕ್ಷತ್ರ ಹಚ್ಚಿದಾರೆ. ನೀವೇನು ನಿದ್ದೆ ಮಾಡ್ತಿದ್ರಾ?"

ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲೇ ಕಿಟಕಿಗೆ ಕಾಗದದ ನಕ್ಷತ್ರದೀಪ ಕಟ್ಟದ ಮನೆ ಅಲ್ಲಿಲ್ಲ. ಎರಡು ತಿಂಗಳು ಸೂರ್ಯನ ಮುಖ ಕಾಣದವರಿಗೆ ಅಷ್ಟೇ ಸಂಭ್ರಮ. ಆದರೂ ಗುಡ್ನಿ ಮೊದಲು ತನ್ನದನ್ನು ಆರಿಸಿ, ಆಮೇಲೆ ಮನೆಮನೆಗೆ ಹೋಗಿ ಜಗಳವಾಡಿ ಆರಿಸಿದಳು. ಕೊನೆಗೆ ಹಾಸಿಗೆ ಹಿಡಿದ ಆಸ್ಲಾಗ್ ಅಜ್ಜಿಯ ಮನೆ.

"ನಂದೂ ಆರಿಸ್ತೀಯೇನೇ? ಇಷ್ಟು ಕಾಲ ಕುಣಿದ ಆಕಾಶಕ್ಕೆ ಈಗ ನನ್ನ ದೀಪ ಅಡ್ಡ ಬಂತಾ?"

"ವಾದ ಬೇಡ ಅಜ್ಜಿ." ಗುಡ್ನಿಯೇ ಸ್ವಿಚ್ ಒತ್ತಿದಳು. ಮುದುಕಿ ಗೋಡೆಯತ್ತ ಹೊರಳಿಕೊಂಡಳು.

ಮರುದಿನದ ದಾಖಲೆಯಲ್ಲೂ ಅದೇ ನಡುಕ. ಮಧ್ಯಾಹ್ನ ಮೂರರ ಕಗ್ಗತ್ತಲಲ್ಲಿ ಗುಡ್ನಿ ವೀಕ್ಷಣಾಲಯವನ್ನು ಒಂದು ಸುತ್ತು ಹಾಕಿದಳು. ಯಾರೂ ಸುಳಿಯದ ಹಿಂಬದಿಯಲ್ಲಿ, ಸ್ವೆರ್ರೆ ಬಂದರೆ ತಂಗುವ ಕೋಣೆಯ ಕಿಟಕಿಯಲ್ಲಿ, ಕೆಂಪು ನಕ್ಷತ್ರ ಉರಿಯುತ್ತಿತ್ತು. ಆ ಮೊದಲ ಭಾನುವಾರ ಬಂದವನು ತಾನೇ ಕಟ್ಟಿ, ಬೀಗ ಹಾಕಿಕೊಂಡು ಹೋಗಿದ್ದ. ಕೋಣೆಯ ಫ್ಯೂಸ್ ಕಿತ್ತಳು. ನಡುಕ ನಿಂತಿತು. ಯಂತ್ರದ ಮುಚ್ಚಳ ಮುಚ್ಚಿ ಸ್ವೆರ್ರೆಗೆ ಫೋನ್ ಮಾಡಿದಳು.

ಅವನು ನಕ್ಕುಬಿಟ್ಟ. "ಅಯ್ಯೋ, ಅಭ್ಯಾಸಬಲ! ಹೋಗ್ಲಿ ಬಿಡಿ, ಯಾರಿಗೂ ಹೇಳ್ಬೇಡಿ."

"ಬಿಡೋದಾ? ನಿನ್ನ ಮಾತು ಕಟ್ಕೊಂಡು ಮುದುಕಿ ಕೋಣೆ ಕತ್ತಲು ಮಾಡಿ ಬಂದ್ನಲ್ಲೋ! ನೀನೇ ಬಾ. ಹನ್ನೊಂದು ಬಾಗಿಲೂ ತಟ್ಟಿ ತಪ್ಪಾಯ್ತು ಅನ್ನು. ಹನ್ನೊಂದನೇದು ನಂದು. ಅಲ್ಲೀವರೆಗೆ ಮುಚ್ಚಳ ತೆಗೆಯಲ್ಲ."

"ಕೆಲಸ ಹೋಗುತ್ತೆ, ಗುಡ್ನಿ."

"ಹೋಗ್ಲಿ."

ಹೊರಗೆ ಬಂದರೆ ಆಕಾಶವಿಡೀ ಮಿನುಗುತ್ತಿತ್ತು. ಇಪ್ಪತ್ತೆರಡು ಚಳಿಗಾಲದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ. ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಸ್ವೆರ್ರೆಯನ್ನು ಬಾಯಿಗೆ ಬಂದಂತೆ ಬೈದಳು. ಅವನಿಗಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಂಡಳು. ಯಾವನೋ ಹೇಳಿದನೆಂದು ಮುದುಕಿಯ ದೀಪಕ್ಕೆ ಕೈ ಹಾಕಿದವಳು ತಾನೇ ಅಲ್ಲವೇ? ಮುಚ್ಚಳವನ್ನು ಮುಚ್ಚಿದ್ದ ಹಾಗೇ ಬಿಟ್ಟು ಗುಡ್ಡ ಇಳಿದಳು.

ಆಸ್ಲಾಗ್ ಅಜ್ಜಿಯ ಕೋಣೆಯಲ್ಲಿ ಸ್ವಿಚ್ ಒತ್ತಿದಳು. ನಕ್ಷತ್ರ ಹೊತ್ತಿಕೊಂಡಿತು.

"ಅಜ್ಜಿ, ತಪ್ಪಾಯ್ತು."

ಮುದುಕಿ ಈ ಕಡೆ ತಿರುಗಲಿಲ್ಲ.